ಡೆಬಿಯನ್ 13ರ ಇನ್‌ಸ್ಟಾಲರ್: ಹಾರ್ಡ್‌ವೇರ್ ಕಂಡುಹಿಡಿಯುವುದರಲ್ಲಿ ಗಟ್ಟಿ, ಕಂಡದ್ದನ್ನು ಹೇಳುವುದರಲ್ಲಿ ಮೌನಿ

ಲಿನಕ್ಸ್ ಆಧಾರಿತ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯಾದ ಡೆಬಿಯನ್ನಿನ 13ನೆಯ ಆವೃತ್ತಿ ಬಿಡುಗಡೆಯಾದದ್ದು 2025ರ ಆಗಸ್ಟ್ 9ರಂದು. ಅದರ ಡೆಸ್ಕ್‌ಟಾಪ್ ಹೇಗಿದೆ, ಯಾವ ತಂತ್ರಾಂಶದ ಯಾವ ಆವೃತ್ತಿ ಬಂದಿದೆ ಎಂಬುದು ಈ ವಿಮರ್ಶೆಯ ವಿಚಾರವಲ್ಲ. ವ್ಯವಸ್ಥೆಯನ್ನು ಯಂತ್ರಕ್ಕೆ ಹಾಕಿಕೊಡುವ ಕಾರ್ಯಕ್ರಮವಾದ ಇನ್‌ಸ್ಟಾಲರ್ ಅಪರಿಚಿತ ಕಂಪ್ಯೂಟರೊಂದರಲ್ಲಿ ಎಚ್ಚರಗೊಂಡು, ಅಲ್ಲಿ ಯಾವ ಡಿಸ್ಕ್ ಇದೆ, ಯಾವ ವೈಫೈ ಚಿಪ್ ಇದೆ, ಧ್ವನಿಗೆ ಏನಿದೆ ಎಂಬುದನ್ನು ಬಳಕೆದಾರರನ್ನು ಕೇಳದೆ ತಾನೇ ಕಂಡುಕೊಳ್ಳುವ ಆ ಒಂದು ಭಾಗವನ್ನಷ್ಟೇ ಇಲ್ಲಿ ತೂಗಿ ನೋಡಿದ್ದೇನೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡು ಜೋಡಿಸಿದ ಹಳೆಯ ಡೆಸ್ಕ್‌ಟಾಪ್, ಇಂಟೆಲ್ ವೈಫೈ ಇರುವ ಒಂದು ಲ್ಯಾಪ್‌ಟಾಪ್, ಅದೇ ರಸ್ತೆಯಲ್ಲಿ ಸಿಗುವಂಥ ಅಗ್ಗದ ಯುಎಸ್‌ಬಿ ವೈಫೈ ಡಾಂಗಲ್, ಹೀಗೆ ನಾನು ಇದನ್ನು ಬಳಸಿ ನೋಡಿದ್ದು ಎಲ್ಲರ ಕೈಗೆ ಎಟಕುವ ಸಾಮಾನ್ಯ ಸಾಮಗ್ರಿಗಳ ಮೇಲೆ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಪತ್ತೆಹಚ್ಚುವ ಕೆಲಸದಲ್ಲಿ ಈ ಇನ್‌ಸ್ಟಾಲರ್ ಈಗ ನಂಬಿಕೆಗೆ ಅರ್ಹವಾಗಿದೆ, ಆದರೆ ತಾನು ಏನನ್ನು ಕಂಡೆ, ಏನನ್ನು ಕಾಣಲಿಲ್ಲ, ಏಕೆ ಕಾಣಲಿಲ್ಲ ಎಂಬುದನ್ನು ಎದುರಿಗೆ ಕುಳಿತವರಿಗೆ ತಿಳಿಸುವ ವಿಷಯದಲ್ಲಿ ಅದು ಇಪ್ಪತ್ತು ವರ್ಷಗಳಷ್ಟು ಹಿಂದೆ ಉಳಿದಿದೆ.

ಪತ್ತೆ ಎಂದೊಡನೆ ಇನ್‌ಸ್ಟಾಲರ್ ಏನೋ ದೊಡ್ಡ ಶೋಧ ನಡೆಸುತ್ತದೆಂದು ತೋರಬಹುದು. ಆದರೆ ಪಿಸಿಐ (ಕಂಪ್ಯೂಟರಿನೊಳಗಿನ ಕಾರ್ಡುಗಳನ್ನು ಜೋಡಿಸುವ ವ್ಯವಸ್ಥೆ) ಮತ್ತು ಯುಎಸ್‌ಬಿಗೆ ಸೇರಿದ ಪ್ರತಿಯೊಂದು ಸಾಧನವೂ ತನ್ನ ಗುರುತನ್ನು ತಾನೇ ಹೊತ್ತುಕೊಂಡಿರುತ್ತದೆ: ತಯಾರಕರಿಗೆ 16 ಬಿಟ್‌ಗಳ ಒಂದು ಸಂಖ್ಯೆ, ಸಾಧನಕ್ಕೆ 16 ಬಿಟ್‌ಗಳ ಇನ್ನೊಂದು. ಪಿಸಿಐ ಲೋಕದಲ್ಲಿ ಹದಿನಾರರ ಮೂಲದಲ್ಲಿ ಬರೆದರೆ ರಿಯಲ್‌ಟೆಕ್‌ನದು 10ಇಸಿ, ಎನ್‌ವಿಡಿಯಾದದ್ದು 10ಡಿಇ. ಇಂಟೆಲ್ ಮಾತ್ರ ತನ್ನ ಹೆಸರಾಂತ ಹಳೆಯ ಪ್ರೊಸೆಸರನ್ನು ನೆನಪಿಸುವಂತೆ 8086 ಎಂಬುದನ್ನೇ ಇಟ್ಟುಕೊಂಡಿದೆ. ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್ ಈ ಸಂಖ್ಯೆಗಳನ್ನು ಓದಿ ‘ಮೋಡ್‌ಏಲಿಯಾಸ್’ ಎಂಬ ಒಂದೇ ಸಾಲಿನ ಪಠ್ಯವಾಗಿ ಜೋಡಿಸುತ್ತದೆ. ಸಾಧನವನ್ನು ನಡೆಸುವ ತಂತ್ರಾಂಶವಾದ ಪ್ರತಿಯೊಂದು ಡ್ರೈವರ್ ತಾನು ಯಾವ ಯಾವ ಸಂಖ್ಯೆಗಳಿಗೆ ಸಲ್ಲುತ್ತೇನೆಂಬ ಪಟ್ಟಿಯನ್ನು ಮೊದಲೇ ಕೊಟ್ಟಿರುತ್ತದೆ. ಯುಡೆವ್ ಎಂಬ ಸೇವೆ ಇವೆರಡನ್ನೂ ತಾಳೆ ನೋಡಿ ಸರಿಯಾದ ಡ್ರೈವರ್ ಮಾಡ್ಯೂಲನ್ನು ಮೆಮೊರಿಗೆ ಕರೆಸುತ್ತದೆ. ಎಎಕ್ಸ್200 ವೈಫೈ ಕಾರ್ಡು ತನ್ನನ್ನು 8086, 2723 ಎಂದು ಹೇಳಿಕೊಂಡೊಡನೆ ಐಡಬ್ಲ್ಯುಎಲ್‌ವೈಫೈ ಡ್ರೈವರ್ ಬಂದು ಕೂರುವುದು ಹೀಗೆ. ಇದರಲ್ಲಿ ಊಹೆಯ ಪಾಲು ಏನೇನೂ ಇಲ್ಲ. ಲ್ಯಾಪ್‌ಟಾಪಿನ ಟಚ್‌ಪ್ಯಾಡ್‌ನಂತೆ ಐ2ಸಿ ತಂತಿಯ ಮೇಲಿರುವ ಸಾಧನಗಳ ವಿಷಯ ಬೇರೆ. ಅವು ಎಲ್ಲಿವೆ, ಯಾವುವು ಎಂಬುದನ್ನು ಕರ್ನೆಲ್ ತಯಾರಕರು ಬರೆದಿಟ್ಟ ಎಸಿಪಿಐ ಕೋಷ್ಟಕಗಳಿಂದ ಓದಿಕೊಳ್ಳಬೇಕು, ಮತ್ತು ಆ ಕೋಷ್ಟಕದಲ್ಲೇ ತಪ್ಪಿದ್ದರೆ ಇನ್‌ಸ್ಟಾಲರನ್ನು ದೂರುವುದರಲ್ಲಿ ಅರ್ಥವಿಲ್ಲ.

ಈ ಸೌಕರ್ಯ ಮೊದಲಿನಿಂದ ಇದ್ದುದಲ್ಲ. 2002ರಲ್ಲಿ ಬಂದ ಡೆಬಿಯನ್ 3.0ರ ಅನುಸ್ಥಾಪನೆಯಲ್ಲಿ ಡ್ರೈವರುಗಳ ಉದ್ದನೆಯ ಪಟ್ಟಿಯೊಂದು ಎದುರಾಗುತ್ತಿತ್ತು. ತಮ್ಮ ನೆಟ್‌ವರ್ಕ್ ಕಾರ್ಡಿನಲ್ಲಿ ಯಾವ ಚಿಪ್ ಇದೆ ಎಂಬುದನ್ನು ಬಳಕೆದಾರರೇ ತಿಳಿದು, ಪಟ್ಟಿಯಿಂದ ಆರಿಸಬೇಕಾಗಿತ್ತು. ಆ ಹೊತ್ತಿಗಾಗಲೇ ರೆಡ್ ಹ್ಯಾಟ್‌ನಲ್ಲಿ ಕುಡ್ಜು ಎಂಬ ಪತ್ತೆಗಾರ ಉಪಕರಣ ಬಳಕೆಯಲ್ಲಿತ್ತು, ಜರ್ಮನಿಯ ಕ್ಲಾಸ್ ಕ್ನಾಪರ್ ಅವರ ಕ್ನಾಪಿಕ್ಸ್ ಸಿ.ಡಿ. ಹಾಕಿದ ಯಂತ್ರದಲ್ಲೆಲ್ಲ ತಾನಾಗಿ ಎದ್ದು ನಿಲ್ಲುತ್ತಿತ್ತು. ಕ್ನಾಪಿಕ್ಸ್ ಸ್ವತಃ ಡೆಬಿಯನ್ನಿನಿಂದಲೇ ಕಟ್ಟಿದ್ದು ಎಂಬುದನ್ನು ನೆನೆದರೆ, ತಾಯಿಮನೆಯಲ್ಲಿ ಇಲ್ಲದ ಸೌಲಭ್ಯ ಮಗಳ ಮನೆಯಲ್ಲಿ ಇದ್ದಂತಿತ್ತು ಆ ಪರಿಸ್ಥಿತಿ. 2005ರ ಜೂನ್‌ನಲ್ಲಿ ಬಂದ ಡೆಬಿಯನ್ 3.1ರಲ್ಲಿ ಹೊಸದಾಗಿ ಬರೆದ ಇನ್‌ಸ್ಟಾಲರ್ ಬಂತು, ಅದರೊಡನೆ ಸ್ವಯಂಚಾಲಿತ ಪತ್ತೆಯೂ ಬಂತು. 2007ರ ಡೆಬಿಯನ್ 4.0ರಲ್ಲಿ ಚಿತ್ರಾತ್ಮಕ ಮುಖವೂ ಸೇರಿತು. ಈಗ 13ರಲ್ಲಿ ಓಡುತ್ತಿರುವುದೂ ಅದೇ ವಂಶದ ಕಾರ್ಯಕ್ರಮ. ಅದರ ಪರದೆಗಳನ್ನು ನೋಡಿದರೆ ಆ ವಯಸ್ಸು ಗೊತ್ತಾಗುತ್ತದೆ.

ಡ್ರೈವರಿನ ಸಮಸ್ಯೆ ಹೀಗೆ ಬಗೆಹರಿದ ಮೇಲೆ ಎದ್ದ ತೊಡಕೆಂದರೆ ಫರ್ಮ್‌ವೇರ್, ಅಂದರೆ ಸಾಧನದೊಳಗೇ ಓಡುವ ತಂತ್ರಾಂಶ. ಇಂದಿನ ವೈಫೈ ಚಿಪ್ಪುಗಳು ಸ್ವತಃ ಸಣ್ಣ ಕಂಪ್ಯೂಟರುಗಳು. ಪ್ರತಿ ಸಲ ವಿದ್ಯುತ್ ಬಂದಾಗ ಡ್ರೈವರ್ ಒಂದು ಕಡತವನ್ನು ಅವುಗಳೊಳಗೆ ತುಂಬಬೇಕು, ತುಂಬದಿದ್ದರೆ ಅವು ಕದಲುವುದಿಲ್ಲ. ಆ ಕಡತಗಳ ಆಕರ ಸಂಕೇತವನ್ನು (ಸೋರ್ಸ್ ಕೋಡ್) ತಯಾರಕರು ಕೊಡುವುದಿಲ್ಲವಾದ್ದರಿಂದ, ಮುಕ್ತ ತಂತ್ರಾಂಶದ ತತ್ತ್ವಕ್ಕೆ ಬದ್ಧವಾದ ಡೆಬಿಯನ್ 2011ರಲ್ಲಿ ಬಂದ 6.0ರ ಹೊತ್ತಿಗೆ ಅವನ್ನೆಲ್ಲ ಕರ್ನೆಲ್‌ನಿಂದ ತೆಗೆದು ಮುಖ್ಯ ಸಂಗ್ರಹದ ಹೊರಗಿಟ್ಟಿತು. ತತ್ತ್ವದ ದೃಷ್ಟಿಯಿಂದ ಅದು ಸರಿಯೇ ಇದ್ದೀತು. ಅದರ ಫಲವಾಗಿ ಮುಂದಿನ ಹನ್ನೆರಡು ವರ್ಷ ಅನುಸ್ಥಾಪನೆಯ ನಡುವೆ ಒಂದು ಸಂದೇಶ ಬರುತ್ತಿತ್ತು: ನಿಮ್ಮ ಕೆಲವು ಹಾರ್ಡ್‌ವೇರಿಗೆ ಮುಕ್ತವಲ್ಲದ ಫರ್ಮ್‌ವೇರ್ ಬೇಕು, ಅದನ್ನು ಪೆನ್‌ಡ್ರೈವ್ ಅಥವಾ ಫ್ಲಾಪಿಯಿಂದ ಕೊಡಬಹುದು. ಇಂಟರ್ನೆಟ್ಟಿನಿಂದ ತರೋಣವೆಂದರೆ ವೈಫೈ ಬೇಕು, ವೈಫೈ ಬೇಕೆಂದರೆ ಆ ಕಡತ ಬೇಕು. ಲ್ಯಾಪ್‌ಟಾಪುಗಳಿಂದ ಎತರ್ನೆಟ್ ಕಿಂಡಿಯೇ ಮಾಯವಾಗುತ್ತ ಬಂದ ಕಾಲದಲ್ಲಿ ಈ ಸುತ್ತಿನಿಂದ ಹೊರಬರಲು ಎರಡನೆಯ ಕಂಪ್ಯೂಟರೊಂದು ಇರಲೇಬೇಕಾಗಿತ್ತು. ಫರ್ಮ್‌ವೇರ್ ಸೇರಿಸಿದ ಇನ್ನೊಂದು ಚಿತ್ರಕಡತವನ್ನು (ಪೆನ್‌ಡ್ರೈವಿಗೆ ಬರೆದುಕೊಳ್ಳುವ ಇಮೇಜ್) ಡೆಬಿಯನ್ ತಂಡದವರೇ ತಯಾರಿಸುತ್ತಿದ್ದರು, ಆದರೆ ಅದಕ್ಕೆ ಅನಧಿಕೃತ ಎಂಬ ಹಣೆಪಟ್ಟಿ ಅಂಟಿಸಿ ಜಾಲತಾಣದ ಮೂಲೆಯೊಂದರಲ್ಲಿ ಇಡುತ್ತಿದ್ದರು. ಬಲ್ಲವರು ಅದನ್ನೇ ಹುಡುಕಿ ಇಳಿಸಿಕೊಳ್ಳುತ್ತಿದ್ದರು, ಹೊಸಬರು ಮುಖಪುಟದ್ದನ್ನು ಇಳಿಸಿಕೊಂಡು ಸಿಕ್ಕಿಬೀಳುತ್ತಿದ್ದರು.

ಈ ವಿಷಯವನ್ನು 2022ರಲ್ಲಿ ಡೆಬಿಯನ್ ಅಭಿವೃದ್ಧಿಕಾರರ ಮತಕ್ಕೆ ಹಾಕಲಾಯಿತು. ಸಂಸ್ಥೆಯ ಮೂಲತತ್ತ್ವಗಳ ದಾಖಲೆಯಾದ ಸಾಮಾಜಿಕ ಒಪ್ಪಂದವನ್ನೇ ತಿದ್ದಿ, ಫರ್ಮ್‌ವೇರನ್ನು ಅಧಿಕೃತ ಅನುಸ್ಥಾಪನಾ ಚಿತ್ರಕಡತದೊಳಗೇ ಸೇರಿಸಬೇಕು, ಎರಡು ಬಗೆಯ ಚಿತ್ರಗಳು ಬೇಡ, ಒಂದೇ ಸಾಕು ಎಂಬ ಆಯ್ಕೆ ಅಕ್ಟೋಬರ್‌ನಲ್ಲಿ ಗೆದ್ದಿತು. 2023ರ ಜೂನ್ 10ರಂದು ಬಂದ ಡೆಬಿಯನ್ 12 ಈ ತೀರ್ಮಾನದ ಮೊದಲ ಫಲ. ಅದಕ್ಕಾಗಿ ಸಂಗ್ರಹದಲ್ಲಿ ‘ನಾನ್-ಫ್ರೀ-ಫರ್ಮ್‌ವೇರ್’ ಎಂಬ ಹೊಸ ವಿಭಾಗವೇ ಹುಟ್ಟಿತು. ನನ್ನ ಅಭಿಪ್ರಾಯದಲ್ಲಿ ಡೆಬಿಯನ್ ಇನ್‌ಸ್ಟಾಲರಿನ ಹಾರ್ಡ್‌ವೇರ್ ಪತ್ತೆಯಲ್ಲಿ ಆಗಿರುವ ಅತಿದೊಡ್ಡ ಸುಧಾರಣೆ ಇದೇ, ಮತ್ತು ಅದು ಮುಖ್ಯವಾಗಿ ಸಂಕೇತ ಬರೆದು ಆದದ್ದಲ್ಲ, ಮತ ಚಲಾಯಿಸಿ ಆದದ್ದು. ಇದನ್ನು ಒಪ್ಪದವರಿಗೂ ದಾರಿ ಇಟ್ಟಿದ್ದಾರೆ: ಬೂಟ್ ಮಾಡುವಾಗ ‘ಫರ್ಮ್‌ವೇರ್=ನೆವರ್’ ಎಂಬ ನಿಯತಾಂಕ ಕೊಟ್ಟರೆ ಇನ್‌ಸ್ಟಾಲರ್ ಆ ಗೊಡವೆಗೇ ಹೋಗುವುದಿಲ್ಲ.

13ರಲ್ಲಿ ಇದು ನಡೆಯುವ ರೀತಿ ಅಚ್ಚುಕಟ್ಟಾಗಿದೆ. ನೆಟ್‌ವರ್ಕ್ ಹಾರ್ಡ್‌ವೇರ್ ಪತ್ತೆಯ ಹಂತದಲ್ಲಿ ಇನ್‌ಸ್ಟಾಲರ್ ಎರಡು ಕಡೆ ಕಣ್ಣಾಡಿಸುತ್ತದೆ. ಮೊದಲನೆಯದು ಕರ್ನೆಲ್‌ನ ದಿನಚರಿ (ಲಾಗ್). ಯಾವುದಾದರೂ ಡ್ರೈವರ್ ಕಡತವೊಂದನ್ನು ಕೇಳಿ ಸಿಗದೆ ಸೋತಿದ್ದರೆ ಅದು ಅಲ್ಲಿ ದಾಖಲಾಗಿರುತ್ತದೆ. ಎರಡನೆಯದು ಸಾಧನಗಳ ಮೋಡ್‌ಏಲಿಯಾಸ್. ಯಾವ ಸಂಖ್ಯೆಯ ಸಾಧನಕ್ಕೆ ಯಾವ ಫರ್ಮ್‌ವೇರ್ ಪ್ಯಾಕೇಜು ಎಂಬ ಮಾಹಿತಿಯೊಡನೆ ಅದನ್ನು ಹೊಂದಿಸಿ ನೋಡುತ್ತದೆ. ಬೇಕಾದ ಪ್ಯಾಕೇಜನ್ನು ಪೆನ್‌ಡ್ರೈವಿನಲ್ಲೇ ಇರುವ ‘ಫರ್ಮ್‌ವೇರ್’ ಎಂಬ ಕಡತಕೋಶದಿಂದ ಎತ್ತಿ ಬಿಚ್ಚಿ, ಡ್ರೈವರನ್ನು ಒಮ್ಮೆ ಇಳಿಸಿ ಮತ್ತೆ ಏರಿಸುತ್ತದೆ. ಕೊನೆಗೆ ಅದೇ ಪ್ಯಾಕೇಜನ್ನು ಹೊಸ ವ್ಯವಸ್ಥೆಯಲ್ಲೂ ಸ್ಥಾಪಿಸಿ, ಮುಂದೆ ಪರಿಷ್ಕರಣೆಗಳು ಬರುವಂತೆ ಆಕರಪಟ್ಟಿಯಲ್ಲಿ ಹೊಸ ವಿಭಾಗವನ್ನೂ ಬರೆದಿಡುತ್ತದೆ. ನಾನು ನೋಡಿದ ಇಂಟೆಲ್ ವೈಫೈ ಲ್ಯಾಪ್‌ಟಾಪಿನಲ್ಲಿ ಒಂದೂ ಪ್ರಶ್ನೆ ಕೇಳದೆ ಸುತ್ತಮುತ್ತಲ ವೈಫೈಗಳ ಪಟ್ಟಿ ಪರದೆಯ ಮೇಲೆ ಬಂತು. ಹಳೆಯ ಡೆಬಿಯನ್ನಿನೊಡನೆ ಗುದ್ದಾಡಿದವರಿಗೆ ಮಾತ್ರ ಇದರ ಬೆಲೆ ತಿಳಿದೀತು. ಹೊಸಬರಿಗೆ ಇದರಲ್ಲಿ ಹೇಳುವಂಥದ್ದೇನೂ ಕಾಣದು, ಕಾಣಬಾರದು ಕೂಡ.

ಹಿಂದಿನ ಪದ್ಧತಿಯಲ್ಲಿ ಇನ್ನೊಂದು ಕಿರಿಕಿರಿ ಇತ್ತು. ಡ್ರೈವರುಗಳು ಕೇಳುವುದೆಲ್ಲ ಬೇಕೇ ಬೇಕಾದುದಲ್ಲ. ಐಡಬ್ಲ್ಯುಎಲ್‌ವೈಫೈ ತನಗೆ ಗೊತ್ತಿರುವ ಅತಿ ಹೊಸ ಆವೃತ್ತಿಯ ಕಡತದಿಂದ ಹಿಡಿದು ಹಳೆಯದರತ್ತ ಒಂದೊಂದಾಗಿ ಕೇಳುತ್ತ ಬರುತ್ತದೆ, ಸಿಕ್ಕಿದ್ದನ್ನು ಬಳಸಿಕೊಳ್ಳುತ್ತದೆ. ಆದರೆ ಸಿಗದ ಪ್ರತಿಯೊಂದು ಕಡತದ ಹೆಸರೂ ದಿನಚರಿಯಲ್ಲಿ ಸೋಲಾಗಿ ಉಳಿಯುತ್ತದೆ. ದೋಷ ಹುಡುಕುವ ಕೆಲಸಕ್ಕೆ ಮಾತ್ರ ಬೇಕಾಗುವ, ‘ಯೋಯೋ’ ಎಂಬ ಹೆಸರುಳ್ಳ ಒಂದು ಕಡತವಂತೂ ಡೆಬಿಯನ್ 11ರ ಕಾಲದಲ್ಲಿ ಎಷ್ಟೋ ಜನರನ್ನು ಗೂಗಲ್ ಮುಂದೆ ಕೂರಿಸಿತು. ರಿಯಲ್‌ಟೆಕ್‌ನ ಅನೇಕ ತಂತಿ ಜೋಡಣೆಯ ನೆಟ್‌ವರ್ಕ್ ಚಿಪ್ಪುಗಳೂ ಫರ್ಮ್‌ವೇರ್ ಕೇಳುತ್ತವೆ, ಕೊಡದಿದ್ದರೂ ಓಡುತ್ತವೆ. ಈಗ ಪ್ಯಾಕೇಜುಗಳು ಮಾಧ್ಯಮದಲ್ಲೇ ಇರುವುದರಿಂದ ಇಂಥ ಪ್ರಶ್ನೆಗಳು ಬಹುಮಟ್ಟಿಗೆ ಎದುರಾಗುವುದಿಲ್ಲ.

ಇಲ್ಲಿಯವರೆಗಿನದು ಮೆಚ್ಚುಗೆ. ಇನ್ನು ಡಿಸ್ಕಿನ ಪತ್ತೆಗೆ ಬರೋಣ, ಏಕೆಂದರೆ ಈ ಇನ್‌ಸ್ಟಾಲರಿನ ಗುಣ ಮತ್ತು ದೋಷ ಎರಡೂ ಅಲ್ಲಿ ಒಟ್ಟಿಗೆ ಕಾಣಸಿಗುತ್ತವೆ. ಇಂಟೆಲ್ ಪ್ರೊಸೆಸರಿನ ಅನೇಕ ಲ್ಯಾಪ್‌ಟಾಪುಗಳು ಕಾರ್ಖಾನೆಯಿಂದ ಬರುವಾಗಲೇ ಅವುಗಳ ಬಯಾಸ್‌ನಲ್ಲಿ (ಯಂತ್ರ ಏಳುವಾಗಿನ ಮೂಲ ಹೊಂದಿಕೆಗಳು) ಡಿಸ್ಕ್ ನಿಯಂತ್ರಕವನ್ನು ಎಎಚ್‌ಸಿಐ ಎಂಬ ಸಾಮಾನ್ಯ ಸ್ಥಿತಿಯ ಬದಲು ಆರ್‌ಎಸ್‌ಟಿ ಅಥವಾ ರೇಡ್ ಎಂಬ ಸ್ಥಿತಿಯಲ್ಲಿ ಇಟ್ಟಿರುತ್ತಾರೆ. ಹಳೆಯ ಬಗೆಯ ಆರ್‌ಎಸ್‌ಟಿಯಲ್ಲಿ ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿ ಡಿಸ್ಕ್ ಸ್ವತಂತ್ರ ಪಿಸಿಐ ಸಾಧನವಾಗಿ ಕಾಣಿಸಿಕೊಳ್ಳುವುದೇ ಇಲ್ಲ. ಅದು ಸಾಟಾ ನಿಯಂತ್ರಕದ ಬೆನ್ನ ಹಿಂದೆ ಅಡಗಿ ಕೂತಿರುತ್ತದೆ. ತನ್ನ ಗುರುತು ಹೇಳದ ಸಾಧನವನ್ನು ಕರ್ನೆಲ್ ಕಂಡುಹಿಡಿಯುವುದಾದರೂ ಹೇಗೆ? ಆದ್ದರಿಂದ ಡಿಸ್ಕ್ ಸಿಗುವುದಿಲ್ಲ. ಹನ್ನೊಂದನೆಯ ತಲೆಮಾರಿನಿಂದೀಚೆಗೆ ಹೆಚ್ಚು ಬಳಕೆಗೆ ಬಂದ ವಿಎಂಡಿ ಎಂಬ ವ್ಯವಸ್ಥೆಗೆ ಕರ್ನೆಲ್‌ನಲ್ಲಿ ಡ್ರೈವರ್ ಇದೆ. ಇಲ್ಲಿ ಹೇಳುತ್ತಿರುವುದು ಅದಕ್ಕಿಂತ ಹಿಂದಿನ ಯಂತ್ರಗಳ ಮಾತು. ನಮ್ಮಲ್ಲಿ ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪುಗಳನ್ನು ಸೆಕೆಂಡ್‌ಹ್ಯಾಂಡ್‌ ಆಗಿ ಕೊಂಡು ಲಿನಕ್ಸ್ ಹಾಕುವವರು ಬಹಳ ಮಂದಿ ಇರುವುದರಿಂದ ಇದು ಹಳೆಯ ಕಥೆಯೆಂದು ತಳ್ಳಿಹಾಕುವಂತಿಲ್ಲ.

ಡಿಸ್ಕ್ ಕಾಣದಿರುವುದು ಇನ್‌ಸ್ಟಾಲರಿನ ತಪ್ಪಲ್ಲ. ತಪ್ಪಿರುವುದು ಅನಂತರದ ನಡೆಯಲ್ಲಿ. ಕರ್ನೆಲ್‌ನ ಎಎಚ್‌ಸಿಐ ಡ್ರೈವರಿಗೆ ಹೀಗೆ ಅಡಗಿರುವ ಎಸ್‌ಎಸ್‌ಡಿಯ ಸುಳಿವು ಸಿಗುತ್ತದೆ, ಮತ್ತು ಅದು ದಿನಚರಿಯಲ್ಲಿ ಸ್ಪಷ್ಟವಾಗಿ ಬರೆಯುತ್ತದೆ: ಇಷ್ಟು ಎನ್‌ವಿಎಂಇ ಸಾಧನಗಳು ಕಂಡಿವೆ, ಅವನ್ನು ಬಳಸಬೇಕಾದರೆ ಬಯಾಸ್‌ನಲ್ಲಿ ರೇಡ್ ಸ್ಥಿತಿಯಿಂದ ಎಎಚ್‌ಸಿಐಗೆ ಬದಲಿಸಿರಿ. ಇದಕ್ಕಿಂತ ಸರಳವಾದ ಪರಿಹಾರ ಸೂಚನೆ ಇನ್ನೇನು ಬೇಕು? ಆದರೆ ಇನ್‌ಸ್ಟಾಲರ್ ತನ್ನ ಪರದೆಯ ಮೇಲೆ ಅದನ್ನು ತೋರಿಸುವುದಿಲ್ಲ. ಡಿಸ್ಕ್ ಪತ್ತೆಯಾಗಲಿಲ್ಲ, ನಿಮ್ಮ ಡಿಸ್ಕಿಗೆ ಬೇಕಾದ ಡ್ರೈವರಿನ ಹೆಸರು ಗೊತ್ತಿದ್ದರೆ ಈ ಪಟ್ಟಿಯಿಂದ ಆರಿಸಿರಿ ಎಂದು ಹೇಳಿ, ಈ ಸಮಸ್ಯೆಗೆ ಯಾವ ರೀತಿಯಲ್ಲೂ ನೆರವಾಗದ ಡ್ರೈವರುಗಳ ಸಾಲನ್ನು ಮುಂದಿಡುತ್ತದೆ. 2002ರ ಆ ಪಟ್ಟಿಯೇ ವೇಷ ಬದಲಿಸಿ ಮತ್ತೆ ಎದುರು ನಿಂತಂತೆ ಅನ್ನಿಸುತ್ತದೆ. ಉತ್ತರ ಅದೇ ಯಂತ್ರದ ಒಳಗೆ, ಕೆಲವೇ ಕೀಲಿಗಳ ಆಚೆ, ನಾಲ್ಕನೆಯ ಕನ್ಸೋಲಿನಲ್ಲಿ ಹರಿದುಹೋಗುತ್ತಿರುವ ಸಾಲುಗಳ ನಡುವೆ ಬಿದ್ದಿರುತ್ತದೆ. ಕಂಟ್ರೋಲ್, ಆಲ್ಟ್, ಎಫ್4 ಒತ್ತಿ ಅಲ್ಲಿಗೆ ಹೋಗಬೇಕೆಂದು ಯಾರು ತಾನೇ ಹೇಳಿಕೊಟ್ಟಿರುತ್ತಾರೆ?

ಇಲ್ಲಿ ಉಬುಂಟುವನ್ನು ಹೋಲಿಸಿ ನೋಡುವುದು ನ್ಯಾಯ. ಡೆಬಿಯನ್ನಿನಿಂದಲೇ ಕಟ್ಟಿದ ಉಬುಂಟುವಿನ ಇನ್‌ಸ್ಟಾಲರ್ ಇದೇ ಪರಿಸ್ಥಿತಿಯನ್ನು ಕಂಡಾಗ, ಈ ಕಂಪ್ಯೂಟರ್ ಇಂಟೆಲ್ ಆರ್‌ಎಸ್‌ಟಿ ಬಳಸುತ್ತಿದೆ, ಮುಂದುವರಿಯುವ ಮೊದಲು ಅದನ್ನು ನಿಲ್ಲಿಸಬೇಕು ಎಂದು ನೇರವಾಗಿ ಹೇಳಿ, ಹೆಚ್ಚಿನ ವಿವರಣೆಯ ಪುಟದ ವಿಳಾಸವನ್ನೂ ಕೊಡುತ್ತದೆ. ಒಳಗಿನ ಪತ್ತೆಯ ಯಂತ್ರ ಎರಡರಲ್ಲೂ ಒಂದೇ ಲಿನಕ್ಸ್ ಕರ್ನೆಲ್. ವ್ಯತ್ಯಾಸವಿರುವುದು ತಿಳಿದುದನ್ನು ಹಂಚಿಕೊಳ್ಳುವುದರಲ್ಲಿ ಮಾತ್ರ. ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು: ಅದೇ ಯಂತ್ರದಲ್ಲಿ ವಿಂಡೋಸ್ ಉಳಿಸಿಕೊಳ್ಳುವವರು ಬಯಾಸ್‌ನಲ್ಲಿ ಏಕಾಏಕಿ ಎಎಚ್‌ಸಿಐಗೆ ಬದಲಿಸಿದರೆ ವಿಂಡೋಸ್ ಬೂಟ್ ಆಗದೆ ಹೋಗಬಹುದು. ಮೊದಲು ವಿಂಡೋಸನ್ನು ಸೇಫ್ ಮೋಡ್‌ನಲ್ಲಿ ಏಳುವಂತೆ ಹೊಂದಿಸಿ, ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀಲಿಯನ್ನು ಬೇರೆಡೆ ಬರೆದಿಟ್ಟುಕೊಂಡು, ಆಮೇಲೆ ಬಯಾಸ್ ಮುಟ್ಟಬೇಕು.

ಹಂತಗಳ ಕ್ರಮದ ಬಗ್ಗೆಯೂ ಒಂದು ಆಕ್ಷೇಪವಿದೆ. ನೆಟ್‌ವರ್ಕ್ ಪತ್ತೆ ಆರಂಭದಲ್ಲೇ ಆಗುತ್ತದೆ, ಡಿಸ್ಕಿನ ಪತ್ತೆ ಮಾತ್ರ ಯಂತ್ರದ ಹೆಸರು, ರೂಟ್ ಗುಪ್ತಪದ, ಬಳಕೆದಾರರ ಹೆಸರು, ಗಡಿಯಾರ ಎಲ್ಲ ಮುಗಿದ ಮೇಲೆ ಬರುತ್ತದೆ. ಡಿಸ್ಕೇ ಸಿಗದ ಯಂತ್ರದಲ್ಲಿ ಅಷ್ಟೂ ಪ್ರಶ್ನೆಗಳಿಗೆ ಉತ್ತರಿಸಿದ ಶ್ರಮ ವ್ಯರ್ಥ. ಇದನ್ನು ಮೇಲಕ್ಕೆ ತರಲು ಯಾವ ತಾಂತ್ರಿಕ ಅಡ್ಡಿಯೂ ನನಗೆ ಕಾಣುತ್ತಿಲ್ಲ.

ಫರ್ಮ್‌ವೇರ್ ವಿಷಯದಲ್ಲಿ ಡೆಬಿಯನ್ ಉದಾರವಾಯಿತೆಂದರೆ ಎಲ್ಲವೂ ಒಳಗೆ ಬಂತೆಂದು ಅರ್ಥವಲ್ಲ. ಸಾಧನದೊಳಗೆ ಓಡುವ ಮುಚ್ಚಿದ ಕಡತಕ್ಕೆ ಪ್ರವೇಶ ಸಿಕ್ಕಿದೆ. ನಮ್ಮ ಪ್ರೊಸೆಸರಿನ ಮೇಲೆ ಓಡುವ ಮುಚ್ಚಿದ ಡ್ರೈವರಿಗೆ ಸಿಕ್ಕಿಲ್ಲ. ಎನ್‌ವಿಡಿಯಾದ ಸ್ವಂತ ಡ್ರೈವರ್ ಮತ್ತು ಹಳೆಯ ಬ್ರಾಡ್‌ಕಾಮ್ ವೈಫೈ ಚಿಪ್ಪುಗಳಿಗೆ ಬೇಕಾದ ‘ಡಬ್ಲ್ಯುಎಲ್’ ಡ್ರೈವರ್ ಈಗಲೂ ನಾನ್-ಫ್ರೀ ಎಂಬ ಬೇರೆ ವಿಭಾಗದಲ್ಲಿವೆ, ಇನ್‌ಸ್ಟಾಲರ್ ಅವನ್ನು ತಾನಾಗಿ ಹಾಕುವುದಿಲ್ಲ. ಎನ್‌ವಿಡಿಯಾ ಕಾರ್ಡಿಗೆ ನೂವೋ ಎಂಬ ಮುಕ್ತ ಡ್ರೈವರ್ ಬಂದು ಪರದೆ ಬೆಳಗುವುದರಿಂದ ಅನುಸ್ಥಾಪನೆ ಹೇಗೋ ಮುಗಿಯುತ್ತದೆ, ಕಂಪನಿಯ ಡ್ರೈವರನ್ನು ಆಮೇಲೆ ಹಾಕಿಕೊಳ್ಳಬಹುದು. ಬ್ರಾಡ್‌ಕಾಮ್ ವೈಫೈ ಮಾತ್ರವಿರುವ ಹಳೆಯ ಲ್ಯಾಪ್‌ಟಾಪಿನಲ್ಲಿ ಆ ಸಮಾಧಾನವೂ ಇಲ್ಲ, ಏಕೆಂದರೆ ಅದು ಡಿಕೆಎಂಎಸ್ ಎಂಬ ಉಪಕರಣದ ಮೂಲಕ ಯಂತ್ರದಲ್ಲೇ ಕಟ್ಟಿಕೊಳ್ಳಬೇಕಾದ ಡ್ರೈವರ್, ಸಹಿಯಿಲ್ಲದ ಡ್ರೈವರನ್ನು ತಡೆಯುವ ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಅದಕ್ಕೆ ಸಹಿ ಹಾಕಿ ಕೀಲಿಯನ್ನು ನೋಂದಾಯಿಸುವ ಕೆಲಸ ಬೇರೆ. ಉಬುಂಟುವಿನಲ್ಲಿ ಗ್ರಾಫಿಕ್ಸ್ ಮತ್ತು ವೈಫೈಗೆ ಹೊರಗಿನ ತಂತ್ರಾಂಶ ಹಾಕಬೇಕೇ ಎಂದು ಕೇಳುವ ಒಂದು ಚೌಕಕ್ಕೆ ಗುರುತು ಹಾಕಿದರೆ ಇವು ಬರುತ್ತವೆ. ಡೆಬಿಯನ್ ಎಳೆದ ಗೆರೆ ತತ್ತ್ವಬದ್ಧವೆಂದು ನಾನು ಒಪ್ಪುತ್ತೇನೆ, ಗೆರೆಯನ್ನು ಅಳಿಸಬೇಕೆಂದು ಕೇಳುವುದಿಲ್ಲ. ಆದರೆ ನಿಮ್ಮ ಈ ಸಾಧನಕ್ಕೆ ಇಂಥ ಪ್ಯಾಕೇಜು ಬೇಕು, ಅದನ್ನು ನಾವು ಇಲ್ಲಿ ಹಾಕಿಲ್ಲ, ಆಮೇಲೆ ನೀವೇ ಹಾಕಿಕೊಳ್ಳಬಹುದು ಎಂದು ಒಂದು ಸಾಲು ಹೇಳುವುದರಿಂದ ಯಾವ ತತ್ತ್ವಕ್ಕೂ ಭಂಗ ಬರುವುದಿಲ್ಲ.

ಅಗ್ಗದ ಯುಎಸ್‌ಬಿ ವೈಫೈ ಡಾಂಗಲ್ಲುಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕುವವರಲ್ಲಿ ಬಹಳಷ್ಟು ಮಂದಿ ನೆಚ್ಚಿಕೊಳ್ಳುವುದು ಇವನ್ನೇ. ಇವುಗಳೊಳಗೆ ಹೆಚ್ಚಾಗಿ ಇರುವುದು ರಿಯಲ್‌ಟೆಕ್ ಚಿಪ್ಪುಗಳು. ಆರ್‌ಟಿಎಲ್8821ಸಿಯು ಮತ್ತು ಆರ್‌ಟಿಎಲ್8822ಬಿಯು ಚಿಪ್ಪುಗಳಿಗೆ ಕರ್ನೆಲ್‌ನೊಳಗಿನ ಬೆಂಬಲ ಬಂದದ್ದು 6.2ರಲ್ಲಿ. ಡೆಬಿಯನ್ 12ರ ಕರ್ನೆಲ್ 6.1, ಕೂದಲೆಳೆಯಲ್ಲಿ ತಪ್ಪಿಹೋಯಿತು. 13ರ ಕರ್ನೆಲ್ 6.12, ಆದ್ದರಿಂದ ಹಿಂದೆ ಹೊರಗಿನಿಂದ ಡ್ರೈವರ್ ತಂದು ಕಟ್ಟಿಕೊಳ್ಳಬೇಕಾಗಿದ್ದ ಇಂಥ ಡಾಂಗಲ್ಲುಗಳಿಗೆ ಈಗ ಡ್ರೈವರ್ ಜೊತೆಯಲ್ಲೇ ಇದೆ. ಆದರೂ ಇವುಗಳಲ್ಲಿ ಕೆಲವಕ್ಕೆ ಒಂದು ವಿಚಿತ್ರ ನಡವಳಿಕೆ ಇದೆ: ಚುಚ್ಚಿದೊಡನೆ ಅವು ವೈಫೈ ಎಂದು ಹೇಳಿಕೊಳ್ಳುವುದಿಲ್ಲ, ವಿಂಡೋಸ್ ಡ್ರೈವರ್ ತುಂಬಿದ ಸಿ.ಡಿ. ಡ್ರೈವ್ ಎಂದು ಹೇಳಿಕೊಳ್ಳುತ್ತವೆ. ಒಂದು ವಿಶೇಷ ಆದೇಶ ಕೊಟ್ಟ ಮೇಲಷ್ಟೇ ಅವು ತಮ್ಮ ನಿಜರೂಪಕ್ಕೆ ಬರುತ್ತವೆ, ಲಿನಕ್ಸಿನಲ್ಲಿ ಆ ಕೆಲಸ ಮಾಡುವುದು ಯುಎಸ್‌ಬಿ-ಮೋಡ್‌ಸ್ವಿಚ್ ಎಂಬ ಪ್ರತ್ಯೇಕ ಪ್ಯಾಕೇಜು. ಸಾಧನವೇ ಸುಳ್ಳು ಗುರುತು ಕೊಟ್ಟರೆ ಮೋಡ್‌ಏಲಿಯಾಸ್ ತಾಳೆಯೂ ಸುಳ್ಳಾಗುತ್ತದೆ. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ‘ಡ್ರೈವರ್ ಫ್ರೀ’ ಎಂದು ಕಂಡರೆ ಅದು ವಿಂಡೋಸಿನವರಿಗೆ ಬರೆದ ಮಾತು ಎಂದು ತಿಳಿದು, ಒಳಗಿನ ಚಿಪ್ಪಿನ ಸಂಖ್ಯೆಯನ್ನು ಅಂಗಡಿಯವರಲ್ಲಿ ಕೇಳುವುದು ಒಳ್ಳೆಯದು.

ಇಂಥ ಗೋಜೇ ಬೇಡವೆನ್ನುವವರಿಗೆ ಆಂಡ್ರಾಯ್ಡ್ ಫೋನಿನ ಯುಎಸ್‌ಬಿ ಟೆದರಿಂಗ್ ಒಳ್ಳೆಯ ದಾರಿ. ಕೇಬಲ್ ಜೋಡಿಸಿ, ನೆಟ್‌ವರ್ಕ್ ಪತ್ತೆಯ ಹಂತಕ್ಕೆ ಬರುವ ಮೊದಲೇ ಫೋನಿನಲ್ಲಿ ಟೆದರಿಂಗ್ ಚಾಲೂ ಮಾಡಿಟ್ಟರೆ ಇನ್‌ಸ್ಟಾಲರಿಗೆ ಅದು ಸಾಮಾನ್ಯ ಎತರ್ನೆಟ್ ಕಾರ್ಡಿನಂತೆಯೇ ಕಾಣುತ್ತದೆ. ವೈಫೈ ಚಿಪ್ಪು ಸರಿಯಾಗಿ ಪತ್ತೆಯಾದ ಮೇಲೂ ಇದು ನೆನಪಿಡಬೇಕಾದ ಉಪಾಯ: ಕಾಲೇಜು ಅಥವಾ ಕಚೇರಿಗಳಲ್ಲಿ ಬಳಕೆದಾರರ ಹೆಸರು ಮತ್ತು ಗುಪ್ತಪದ ಎರಡನ್ನೂ ಕೇಳುವ ವೈಫೈಗಳಿಗೆ ಈ ಇನ್‌ಸ್ಟಾಲರ್ ಸೇರಿಕೊಳ್ಳಲಾರದು, ಮನೆಯಲ್ಲಿರುವಂಥ ಒಂದೇ ಗುಪ್ತಪದದ ವೈಫೈಗೆ ಮಾತ್ರ ಅದು ಸಿದ್ಧವಾಗಿದೆ.

ಕನ್ನಡದ ಮಾತು. ಚಿತ್ರಾತ್ಮಕ ಇನ್‌ಸ್ಟಾಲರಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿದೆ. ಪಠ್ಯಮಾತ್ರದ ಮುಖದಲ್ಲಿ ನಮ್ಮ ಲಿಪಿಯನ್ನು ಸರಿಯಾಗಿ ಮೂಡಿಸಲಾಗದ ಕಾರಣ ಅಲ್ಲಿ ಇಲ್ಲ. ಪ್ರಶ್ನೆಗಳನ್ನು ಕನ್ನಡದಲ್ಲಿ ಓದಿ ಮುಂದುವರಿಯುವುದು ಸಾಧ್ಯವಿರುವುದು ಸಂತೋಷದ ಸಂಗತಿ. ಆದರೆ ಪತ್ತೆಯ ನಿಜವಾದ ಮಾಹಿತಿ ಇರುವ ಕರ್ನೆಲ್ ದಿನಚರಿ ಇಂಗ್ಲಿಷಿನಲ್ಲೇ ಇರುತ್ತದೆ. ಆದ್ದರಿಂದ ಪರದೆಯ ಮೇಲಿನ ಸಂದೇಶ ಮುಗ್ಧವಾಗಿ ಕೈಚೆಲ್ಲಿದಾಗ ಕನ್ನಡದಲ್ಲಿ ಅನುಸ್ಥಾಪಿಸುತ್ತಿರುವವರು ಇತರರಿಗಿಂತ ಹೆಚ್ಚು ನಿಸ್ಸಹಾಯಕರಾಗುತ್ತಾರೆ. ದೃಷ್ಟಿದೋಷವುಳ್ಳವರ ವಿಷಯ ಇದಕ್ಕಿಂತ ಸೂಕ್ಷ್ಮ. ಬೂಟ್ ಮೆನುವಿನಲ್ಲಿ ‘ಎಸ್’ ಒತ್ತಿದರೆ ಇನ್‌ಸ್ಟಾಲರ್ ತನ್ನ ಪ್ರಶ್ನೆಗಳನ್ನು ಓದಿ ಹೇಳುತ್ತದೆ. ಧ್ವನಿ ಸಾಧನವೇ ಎಚ್ಚರಗೊಳ್ಳದಿದ್ದರೆ ಅವರ ಪಾಲಿಗೆ ಅನುಸ್ಥಾಪನೆಯೇ ಇಲ್ಲ. ಇಂಟೆಲ್‌ನ ಈಚಿನ ಲ್ಯಾಪ್‌ಟಾಪುಗಳಲ್ಲಿ ಧ್ವನಿಗೂ ಎಸ್‌ಒಎಫ್ ಎಂಬ ಫರ್ಮ್‌ವೇರ್ ಬೇಕಾಗುವುದರಿಂದ, 2022ರ ಮತದಾನದ ಬಗ್ಗೆ ಚರ್ಚಿಸುವಾಗ ವೈಫೈಯನ್ನಷ್ಟೇ ನೆನೆಯುವುದು ಸಾಲದು.

ಹಳೆಯ ಯಂತ್ರದ ಮೇಲೆ ಹಾಕುವವರು ಒಂದನ್ನು ಮೊದಲೇ ನೋಡಿಕೊಳ್ಳಬೇಕು: 13ರಲ್ಲಿ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರೇ ಇಲ್ಲ. ಸ್ವಲ್ಪ ಅನುಭವ ಇರುವವರಿಗೆ ಎಕ್ಸ್‌ಪರ್ಟ್ ಮೋಡ್ ಇದೆ. ಅದರಲ್ಲಿ ಬರುವ ಒಂದು ಪ್ರಶ್ನೆ ಪತ್ತೆಗೆ ನೇರವಾಗಿ ಸಂಬಂಧಿಸಿದ್ದು. ಬೂಟ್ ಹೊತ್ತಿನಲ್ಲಿ ಬೇಕಾಗುವ ಇನಿಟ್ರ್ಯಾಮ್‌ಎಫ್‌ಎಸ್ ಎಂಬ ಆರಂಭಿಕ ಕಡತಗಳ ಕಟ್ಟಿನಲ್ಲಿ ಲಭ್ಯವಿರುವ ಎಲ್ಲ ಡ್ರೈವರುಗಳನ್ನೂ ಸೇರಿಸಬೇಕೇ, ಅಥವಾ ಈ ಯಂತ್ರಕ್ಕೆ ಬೇಕಾದವನ್ನು ಮಾತ್ರವೇ ಎಂದು ಕೇಳುತ್ತದೆ. ಎರಡನೆಯದು ಗಾತ್ರದಲ್ಲಿ ಚಿಕ್ಕದು. ಆದರೆ ನಾಳೆ ಮದರ್‌ಬೋರ್ಡ್ ಸುಟ್ಟು ಅದೇ ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿದರೆ ಬೂಟ್ ಆಗದೆ ನಿಲ್ಲಬಹುದು. ಸಾಮಾನ್ಯ ಮೋಡ್‌ನಲ್ಲಿ ಈ ಪ್ರಶ್ನೆ ಬರುವುದಿಲ್ಲ, ಎಲ್ಲವನ್ನೂ ಸೇರಿಸುವ ದಾರಿಯನ್ನೇ ಅದು ಹಿಡಿಯುತ್ತದೆ, ಅದು ಸರಿಯಾದ ಆಯ್ಕೆ. ಬೆರಳಚ್ಚು ಓದುವ ಸಾಧನದಂಥವು ಈ ಹಂತದ ಪರಿಶೀಲನೆಗೆ ಬರುವುದೇ ಇಲ್ಲ, ಅವು ಓಡುತ್ತವೆಯೇ ಎಂಬುದು ಅನುಸ್ಥಾಪನೆಯ ನಂತರವಷ್ಟೇ ತಿಳಿಯುತ್ತದೆ.

ಆದ್ದರಿಂದ ಈ ಇನ್‌ಸ್ಟಾಲರನ್ನು ನಾನು ಯಾರಿಗೆ ಸೂಚಿಸುತ್ತೇನೆ? ಎತರ್ನೆಟ್ ಇರುವ ಡೆಸ್ಕ್‌ಟಾಪಿಗೆ ಹಾಕುವವರು, ಇಂಟೆಲ್ ವೈಫೈ ಇರುವ ಲ್ಯಾಪ್‌ಟಾಪಿನವರು ಹಿಂದೆಮುಂದೆ ನೋಡದೆ, ಉಳಿದುದನ್ನು ಇಂಟರ್ನೆಟ್ಟಿನಿಂದ ತರಿಸಿಕೊಳ್ಳುವ ನೆಟ್‌ಇನ್‌ಸ್ಟ್ ಎಂಬ ಚಿತ್ರಕಡತವನ್ನು ಇಳಿಸಿಕೊಳ್ಳಬಹುದು. ತಮ್ಮ ಯಂತ್ರದೊಳಗೆ ಏನಿದೆ ಎಂದು ತಿಳಿಯದವರು, ಸೆಕೆಂಡ್‌ಹ್ಯಾಂಡ್‌ ಲ್ಯಾಪ್‌ಟಾಪ್ ಕೊಂಡವರು ಮೊದಲು ಡೆಬಿಯನ್ ಲೈವ್ ಚಿತ್ರವನ್ನು ಪೆನ್‌ಡ್ರೈವಿಗೆ ಬರೆದು ಬೂಟ್ ಮಾಡಿ ನೋಡಲಿ. ಡಿಸ್ಕನ್ನು ಮುಟ್ಟದೆಯೇ ವೈಫೈ, ಧ್ವನಿ, ಬ್ಲೂಟೂತ್, ಪರದೆಯ ಬೆಳಕು, ಮುಚ್ಚಳ ಮುಚ್ಚಿದಾಗ ನಿದ್ರೆಗೆ ಹೋಗಿ ಮತ್ತೆ ಏಳುವುದು ಎಲ್ಲವನ್ನೂ ಅಲ್ಲಿ ಪರೀಕ್ಷಿಸಬಹುದು, ಎಸ್‌ಎಸ್‌ಡಿ ಕಾಣುತ್ತಿದೆಯೇ ಎಂಬುದೂ ಅಲ್ಲೇ ಗೊತ್ತಾಗುತ್ತದೆ. ತೃಪ್ತಿಯಾದರೆ ಅದರಲ್ಲೇ ಇರುವ ಕ್ಯಾಲಮಾರೆಸ್ ಇನ್‌ಸ್ಟಾಲರಿನಿಂದ ಹಾಕಿಕೊಳ್ಳಬಹುದು. ಮಾಮೂಲಿ ಇನ್‌ಸ್ಟಾಲರಿನಿಂದಲೇ ಹಾಕಿದವರು ಕೆಲಸ ಮುಗಿದ ಮೇಲೆ ‘ವಾರ್/ಲಾಗ್/ಇನ್‌ಸ್ಟಾಲರ್’ ಕಡತಕೋಶವನ್ನು ಒಮ್ಮೆ ತೆರೆದು ನೋಡಬೇಕು. ಅಲ್ಲಿ ‘ಹಾರ್ಡ್‌ವೇರ್-ಸಮ್ಮರಿ’ ಎಂಬ ಕಡತವಿರುತ್ತದೆ: ಪ್ರತಿಯೊಂದು ಪಿಸಿಐ ಮತ್ತು ಯುಎಸ್‌ಬಿ ಸಾಧನದ ಹೆಸರು, ಸಂಖ್ಯೆ, ಆಗ ಮೆಮೊರಿಯಲ್ಲಿದ್ದ ಮಾಡ್ಯೂಲುಗಳ ಪಟ್ಟಿ, ಎಲ್ಲವೂ ಅದರಲ್ಲಿ ನೀಟಾಗಿ ದಾಖಲಾಗಿವೆ. ಅನುಸ್ಥಾಪನೆಯ ವರದಿಯನ್ನು ಡೆಬಿಯನ್ನಿನ ದೋಷದಾಖಲೆ ವ್ಯವಸ್ಥೆಗೆ ಕಳಿಸುವವರು ಇದನ್ನೇ ಲಗತ್ತಿಸುತ್ತಾರೆ. ಇಷ್ಟು ವಿವರವನ್ನು ಬರೆದಿಡಲು ಬಲ್ಲ ಕಾರ್ಯಕ್ರಮ ಅದರ ಅರ್ಧದಷ್ಟನ್ನಾದರೂ ಡಿಸ್ಕ್ ವಿಭಜನೆಯ ಹಂತಕ್ಕೆ ಮೊದಲು ಒಂದು ಪರದೆಯಾಗಿ ತೋರಿಸಬಾರದೇಕೆ ಎಂದು ಕೇಳಿ ನಾನೂ ಅಂಥದೊಂದು ವರದಿಯನ್ನು ಬರೆಯುವವನಿದ್ದೇನೆ.